ಒಂದು ಜ್ವರ, ಎರಡು ರೋಗ



ಮಕ್ಕಳ ಜ್ವರವನ್ನು ಕುರಿತು ನಾಲ್ಕು ಮಾತನಾಡಬೇಕೆಂದು ಆಕಾಶವಾಣಿಯವರು ಕೇಳಿದಾಗ, ಯಾವ ಜ್ವರವನ್ನು ಕುರಿತು ಎಂದು ನಾನು ಮರುಪ್ರಶ್ನೆ ಹಾಕಿದೆ. ಮಳೆಗಾಲ ಕಳೆದು ಚಳಿ ಇನ್ನೂ ಕಾಲಿಡದ ತಿಂಗಳುಗಳಲ್ಲಿ ನಮ್ಮ ಊರುಗಳಲ್ಲಿ ಹರಡುವ ಜ್ವರ ಒಂದಲ್ಲ. ಡೆಂಗಿ, ಮಲೇರಿಯಾ, ವಿಷಮಶೀತಜ್ವರವೆಂದು ಹಿರಿಯರು ಕರೆಯುತ್ತಿದ್ದ ಟೈಫಾಯ್ಡ್, ಇಲಿಜ್ವರ, ನುಸಿಯಿಂದ ಬರುವ ಸ್ಕ್ರಬ್ ಟೈಫಸ್, ಇವು ಒಂದೊಂದಕ್ಕೂ ಒಂದೊಂದು ಸಂಜೆ ಬೇಕು. ಆದರೆ ವೈದ್ಯಗ್ರಂಥಗಳು ಇವನ್ನು ಒಂದೊಂದು ಅಧ್ಯಾಯವಾಗಿ ಬೇರ್ಪಡಿಸಿರುವಂತೆ ಪ್ರಕೃತಿಯು ಮಗುವಿನ ಶರೀರದಲ್ಲಿ ಬೇರ್ಪಡಿಸಿ ಇಡುವುದಿಲ್ಲ. ಒಂದೇ ಮಗುವಿಗೆ ಒಂದೇ ಕಾಲದಲ್ಲಿ ಎರಡು ರೋಗ ತಗಲುವುದುಂಟು. ಆ ಎರಡನೆಯದು ನಮ್ಮ ಕಣ್ಣು ತಪ್ಪಿಸಿಕೊಳ್ಳುವುದು ಹೇಗೆ, ಅದನ್ನು ಹಿಡಿಯುವ ಬಗೆ ಯಾವುದು, ಎಂಬುದೇ ಈ ಸಂಜೆಯ ವಿಷಯ.

ನಾನೇ ಕಂಡ ಒಂದು ಪ್ರಸಂಗದಿಂದ ಆರಂಭಿಸುತ್ತೇನೆ. ಇದರಲ್ಲಿ ನಾನು ಹೆಮ್ಮೆಪಡತಕ್ಕ ಅಂಶವೇನೂ ಇಲ್ಲವೆಂಬುದನ್ನು ಮೊದಲೇ ಅರಿಕೆಮಾಡಿಕೊಳ್ಳುತ್ತೇನೆ. ಏಳು ವರ್ಷದ ಹುಡುಗ. ದಸರಾ ರಜೆಯಲ್ಲಿ ಮಲೆನಾಡಿನ ಅಜ್ಜಿಯ ಮನೆಗೆ ಹೋಗಿ ಹತ್ತು ದಿನ ಅಡಿಕೆ ತೋಟದಲ್ಲಿ ಆಡಿಕೊಂಡಿದ್ದು, ಅಜ್ಜಿಯನ್ನೂ ಜೊತೆಗೆ ಕರೆದುಕೊಂಡು ಪಟ್ಟಣಕ್ಕೆ ಹಿಂದಿರುಗಿದ. ಬಂದ ಒಂದು ವಾರಕ್ಕೆ ಜ್ವರ ಕಾಣಿಸಿಕೊಂಡಿತು. ಮೂರನೆಯ ದಿನದ ರಕ್ತಪರೀಕ್ಷೆಯಲ್ಲಿ ಡೆಂಗಿ ವೈರಾಣುವಿನದೇ ಆದ ಎನ್‌ಎಸ್-೧ ಎಂಬ ಅಂಶ ಸಿಕ್ಕಿತು. ಅವರ ಬೀದಿಯಲ್ಲಿ ಆಗಲೇ ನಾಲ್ಕಾರು ಮನೆಗಳಲ್ಲಿ ಡೆಂಗಿ ಇತ್ತು. ಹೀಗೆ ರೋಗಕ್ಕೆ ಒಂದು ಹೆಸರು ದೊರೆಯಿತು. ಹೆಸರು ದೊರೆತೊಡನೆ ತಂದೆತಾಯಿಗಳಿಗೆ ಅರ್ಧ ಸಮಾಧಾನ, ವೈದ್ಯನಿಗೆ ಮುಕ್ಕಾಲು ಸಮಾಧಾನ.

ಡೆಂಗಿಗೆ ತನ್ನದೇ ಆದ ಒಂದು ಪಂಚಾಂಗವಿದೆ. ಜ್ವರವು ಎರಡರಿಂದ ಏಳು ದಿನ ಇರುತ್ತದೆ. ಅದು ಇಳಿಯುವ ಹೊತ್ತಿಗೇ ಅಪಾಯದ ಘಳಿಗೆ. ಆಗ ರಕ್ತನಾಳಗಳೊಳಗಿನ ನೀರು ಹೊರಕ್ಕೆ ಜಿನುಗಿ, ರಕ್ತ ಗಟ್ಟಿಯಾಗಿ, ನಾಡಿ ಕುಸಿಯುವ ಸಂಭವವುಂಟು. ಮೈ ತಣ್ಣಗಾಯಿತೆಂದು ತಾಯಿ ಸಂತೋಷಪಡುವ ಹೊತ್ತೇ ವೈದ್ಯನು ಎಚ್ಚರವಾಗಿ ಕುಳಿತಿರಬೇಕಾದ ಹೊತ್ತು. ಒಂದೆರಡು ದಿನದಲ್ಲಿ ಆ ಗಂಡಾಂತರ ಕಳೆದರೆ ಮಗು ಹಸಿವೆಂದು ಕೇಳುತ್ತದೆ, ರಕ್ತದ ಪ್ಲೇಟ್‌ಲೆಟ್ ಕಣಗಳ ಸಂಖ್ಯೆ ಮೇಲೇರುತ್ತದೆ, ರೋಗ ಮುಗಿಯುತ್ತದೆ. ನಮ್ಮ ಹುಡುಗನಲ್ಲಿಯೂ ಏಳನೆಯ ದಿನ ಪ್ಲೇಟ್‌ಲೆಟ್ ಸಂಖ್ಯೆ ಏರತೊಡಗಿತು. ಆದರೆ ಜ್ವರ ಇಳಿಯಲಿಲ್ಲ. ಎಂಟನೆಯ ದಿನವೂ ಥರ್ಮಾಮೀಟರು ೧೦೩ ಡಿಗ್ರಿ ತೋರಿಸಿತು. ಇನ್ನೊಂದು ದಿನ ನೋಡೋಣ ಎಂದೆ. ಆ ಮಾತನ್ನು ಆಡಿದವನು ನಾನೇ. ಪ್ರಯೋಗಶಾಲೆಯ ಕಾಗದ ನನ್ನ ಕೈಯಲ್ಲಿತ್ತು. ರೋಗದ ಹೆಸರು ಅದರ ಮೇಲೆ ಬರೆದಿತ್ತು. ಹಾಸಿಗೆಯ ಮೇಲಿದ್ದ ಹುಡುಗನು ಆ ಹೆಸರಿಗೆ ಹೊಂದದಂತೆ ನಡೆದುಕೊಳ್ಳುತ್ತಿದ್ದಾನೆಂಬುದನ್ನು ನಾನು ಗಣನೆಗೆ ತಂದುಕೊಳ್ಳಲಿಲ್ಲ.

ಒಂಬತ್ತನೆಯ ದಿನ ಬೆಳಗ್ಗೆ ಉಸಿರು ವೇಗವಾಯಿತು. ಒಣಕೆಮ್ಮು ಬಂತು. ಅಜ್ಜಿಯು ಒದ್ದೆಬಟ್ಟೆಯಿಂದ ಮೈ ಒರೆಸುತ್ತಿದ್ದಾಗ ತೊಡೆಸಂದಿಯಲ್ಲಿ ಒಂದು ಕಪ್ಪು ಚುಕ್ಕೆಯನ್ನು ಕಂಡು, "ಡಾಕ್ಟ್ರೇ, ಇದೆಂಥದು ಸ್ವಲ್ಪ ನೋಡಿ. ಉಣುಗು ಕಚ್ಚಿದ್ದೋ ಏನೋ, ನೋವು ಅಂತೂ ಅವ ಹೇಳ್ಲಿಲ್ಲ" ಎಂದರು. ನೋಡಿದೆ. ಬೀಡಿಯ ಕೊನೆಯಿಂದ ಸುಟ್ಟಂತೆ ಕಪ್ಪಗೆ ಒಣಗಿದ ಹಕ್ಕಳೆ, ಸುತ್ತಲೂ ಕೆಂಪು ಅಂಚು. ಅದು ಸ್ಕ್ರಬ್ ಟೈಫಸ್ಸಿನ ಮುದ್ರೆ. ಹುಲ್ಲು ಪೊದೆಗಳಲ್ಲಿ ಇರುವ, ಕಣ್ಣಿಗೆ ಕಾಣಿಸದಷ್ಟು ಸಣ್ಣದಾದ ನುಸಿಯ ಮರಿಯು ಕಚ್ಚಿದ ಸ್ಥಳದಲ್ಲಿ ಅದು ಏಳುತ್ತದೆ. ನೋಯುವುದಿಲ್ಲ, ತುರಿಸುವುದಿಲ್ಲ, ಕಂಕುಳು, ತೊಡೆಸಂದಿ, ಕಿವಿಯ ಹಿಂಭಾಗ ಮುಂತಾದ ಮರೆಯ ಎಡೆಗಳನ್ನೇ ಆರಿಸಿಕೊಳ್ಳುತ್ತದೆ. ಹುಡುಗನಿಗೆ ತೋಟದಲ್ಲಿ ನುಸಿ ಕಚ್ಚಿತ್ತು, ಪಟ್ಟಣಕ್ಕೆ ಬಂದಮೇಲೆ ಸೊಳ್ಳೆ ಕಚ್ಚಿತ್ತು. ಸೊಳ್ಳೆಯ ರೋಗವು ಬೇಗ ಹೊರಬೀಳತಕ್ಕದ್ದು, ನುಸಿಯ ರೋಗವು ಹೆಚ್ಚು ದಿನ ಒಳಗೆ ಕುಳಿತು ಹೊರಡತಕ್ಕದ್ದು. ಹೀಗಾಗಿ ಬೇರೆ ಬೇರೆ ಊರಿನಲ್ಲಿ ಹತ್ತಿದ ಎರಡು ರೋಗಗಳು ಒಂದೇ ವಾರದಲ್ಲಿ ತಲೆಯೆತ್ತಿದ್ದವು. ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಡಾಕ್ಸಿಸೈಕ್ಲಿನ್ ಎಂಬ ಔಷಧವನ್ನು ಆರಂಭಿಸಿದೆವು. ಎರಡು ದಿನದಲ್ಲಿ ಜ್ವರ ಬಿಟ್ಟಿತು. ಹುಡುಗ ಬದುಕಿದ. ಎರಡು ದಿನ ಮೊದಲೇ ಅವನ ಬಟ್ಟೆ ತೆಗೆಸಿ ನೋಡಿದ್ದರೆ ಶ್ವಾಸಕೋಶದವರೆಗೆ ರೋಗ ಹೋಗುತ್ತಿರಲಿಲ್ಲ.

ಈ ತಪ್ಪು ಏಕೆ ಆಗುತ್ತದೆಂಬುದನ್ನು ಯೋಚಿಸಿದರೆ, ಅದರ ಮೂಲವು ಅಜ್ಞಾನದಲ್ಲಿ ಇಲ್ಲ, ವಿದ್ಯೆಯಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ಎಲ್ಲ ಲಕ್ಷಣಗಳಿಗೂ ಒಂದೇ ಕಾರಣವನ್ನು ಹುಡುಕಬೇಕೆಂದು ನಮಗೆ ಪಾಠಶಾಲೆಯಲ್ಲಿ ಕಲಿಸುತ್ತಾರೆ. ಒಂದರಿಂದ ಸಾಧ್ಯವಾಗುವುದಕ್ಕೆ ಎರಡನ್ನು ಕಲ್ಪಿಸಬಾರದೆಂಬ ಈ ನಿಯಮವನ್ನು ಪಾಶ್ಚಾತ್ಯರು ಹದಿನಾಲ್ಕನೆಯ ಶತಮಾನದ ಒಕ್ಹಾಮಿನ ವಿಲಿಯಂ ಎಂಬ ಸಂನ್ಯಾಸಿಯ ಹೆಸರಿನಿಂದ ಕರೆಯುತ್ತಾರೆ. ನಮ್ಮ ನೈಯಾಯಿಕರು ಇದಕ್ಕೆ ಲಾಘವವೆಂದು ಹೆಸರಿಟ್ಟು, ಅನಾವಶ್ಯಕವಾಗಿ ಕಲ್ಪನೆಗಳನ್ನು ಹೆಚ್ಚಿಸುವುದನ್ನು ಗೌರವವೆಂಬ ದೋಷವಾಗಿ ಎಣಿಸಿದರು. ಗೌರವವು ದೋಷವಾಗುವ ಸ್ಥಳ ತರ್ಕಶಾಸ್ತ್ರವೊಂದೇ ಇರಬೇಕು! ನಿಯಮವೇನೋ ಒಳ್ಳೆಯದು. ಹೆಚ್ಚು ಪಾಲು ಮಕ್ಕಳ ವಿಷಯದಲ್ಲಿ ಅದು ನಿಜವೂ ಹೌದು. ಜ್ವರ ಬಂದ ಮಕ್ಕಳಲ್ಲಿ ಬಹುಮಂದಿಗೆ ಒಂದೇ ರೋಗ, ಅದೂ ತಾನಾಗಿಯೇ ಗುಣವಾಗುವ ರೋಗ. ಆದರೆ ಲಾಘವವು ವಾದವನ್ನು ಒರೆಹಚ್ಚುವ ಕಲ್ಲೇ ಹೊರತು, ಮಗುವಿನ ರಕ್ತದಲ್ಲಿ ಎಷ್ಟು ಬಗೆಯ ಕ್ರಿಮಿ ಇರಬಹುದೆಂದು ಗೊತ್ತುಮಾಡುವ ಅಪ್ಪಣೆಯಲ್ಲ. ನಮ್ಮ ಪ್ರಾಚೀನರೂ ಇದನ್ನು ಬಲ್ಲವರೇ. ಒಂದು ರೋಗವು ಮತ್ತೊಂದಕ್ಕೆ ಕಾರಣವಾಗಿ, ಎರಡೂ ಒಟ್ಟಿಗೆ ಇರಬಹುದೆಂದು ಚರಕಸಂಹಿತೆಯ ನಿದಾನಸ್ಥಾನದಲ್ಲಿ ಹೇಳಿದೆ.

ಉಷ್ಣದೇಶಗಳಲ್ಲಿ ಎರಡು ರೋಗಗಳು ಕೂಡುವುದು ಆಶ್ಚರ್ಯವಲ್ಲ, ಏಕೆಂದರೆ ಅವೆಲ್ಲಕ್ಕೂ ಮಳೆಯೇ ತಾಯಿ. ತೊಟ್ಟಿಯಲ್ಲಿ ನಿಂತ ತಿಳಿನೀರಿನಲ್ಲಿ ಡೆಂಗಿಯ ಸೊಳ್ಳೆ ಹುಟ್ಟುತ್ತದೆ. ಮತ್ತೊಂದು ಜಾತಿಯ ಸೊಳ್ಳೆ ಮಲೇರಿಯಾವನ್ನು ಹರಡುತ್ತದೆ. ಮಳೆಗೆ ಬೆಳೆದ ಹುಲ್ಲಿನಲ್ಲಿ ನುಸಿ ಹೆಚ್ಚುತ್ತದೆ. ಇಲಿಯ ಮೂತ್ರ ಬೆರೆತ ಕೆಸರಿನಲ್ಲಿ ಬರಿಗಾಲಿನಲ್ಲಿ ಆಡಿದ ಮಗುವಿಗೆ ಇಲಿಜ್ವರ ಹತ್ತುತ್ತದೆ. ಚರಂಡಿಯ ನೀರು ಕುಡಿಯುವ ನೀರಿನ ಕೊಳಾಯಿಯೊಳಕ್ಕೆ ಇಳಿದರೆ ಟೈಫಾಯ್ಡ್ ಬರುತ್ತದೆ. ಒಂದು ರೋಗ ಬಂದ ಮಾತ್ರಕ್ಕೆ ಮಿಕ್ಕವು ಆ ಮನೆಯ ಬಾಗಿಲನ್ನು ಬಿಟ್ಟು ಮುಂದೆ ಹೋಗುವುವೆಂದು ಎಲ್ಲಿಯೂ ಕಟ್ಟಳೆಯಿಲ್ಲ.

ಈ ಜ್ವರಗಳು ಒಂದನ್ನೊಂದು ಎಷ್ಟರಮಟ್ಟಿಗೆ ಹೋಲುತ್ತವೆಂಬುದಕ್ಕೆ ವೈದ್ಯಚರಿತ್ರೆಯಲ್ಲಿ ಸ್ವಾರಸ್ಯವಾದ ಒಂದು ಕಥೆಯಿದೆ. ೧೯೪೮ರಲ್ಲಿ ಅಮೆರಿಕದ ಸ್ಮಾಡೆಲ್, ವುಡ್‌ವರ್ಡ್ ಮೊದಲಾದ ವೈದ್ಯರು ಕ್ಲೋರಾಮ್‌ಫೆನಿಕಾಲ್ ಎಂಬ ಹೊಸ ಔಷಧವನ್ನು ಸ್ಕ್ರಬ್ ಟೈಫಸ್ಸಿನ ಮೇಲೆ ಪ್ರಯೋಗಿಸಿ ನೋಡಲು ಮಲಯದ ಕ್ವಾಲಾಲಂಪುರಕ್ಕೆ ಬಂದಿದ್ದರು. ಆ ರೋಗದಲ್ಲಿ ಅನುಭವವುಳ್ಳವರು ಅವರು. ಅಂಥವರು ಸ್ಕ್ರಬ್ ಟೈಫಸ್ ಎಂದೇ ಭಾವಿಸಿ ಔಷಧ ಕೊಟ್ಟ ರೋಗಿಗಳಲ್ಲಿ ಕೆಲವರಿಗೆ ಇದ್ದುದು ಟೈಫಾಯ್ಡ್ ಎಂದು ತರುವಾಯ ಗೊತ್ತಾಯಿತು. ಆ ರೋಗಿಗಳೂ ಗುಣಹೊಂದಿದರು. ಅದುವರೆಗೆ ಟೈಫಾಯ್ಡಿಗೆ ನೇರವಾದ ಔಷಧವೇ ಇರಲಿಲ್ಲ. ವಾರಗಟ್ಟಲೆ ಗಂಜಿ ಕುಡಿಸಿ ಕಾದಿರುವುದೇ ಚಿಕಿತ್ಸೆಯಾಗಿತ್ತು. ಲೋಕಕ್ಕೆ ಟೈಫಾಯ್ಡಿನ ಮೊದಲ ಔಷಧವು ತಪ್ಪು ರೋಗನಿದಾನದ ಫಲವಾಗಿ ದೊರೆಯಿತು. ಎಲ್ಲ ತಪ್ಪುಗಳೂ ಇಷ್ಟು ಉದಾರವಾಗಿರುವುದಿಲ್ಲ.

ಒಂದು ಹೆಸರು ಇನ್ನೊಂದನ್ನು ಎಷ್ಟು ಕಾಲ ಮರೆಮಾಡಬಲ್ಲುದೆಂಬುದನ್ನು ಉತ್ತರಪ್ರದೇಶದ ಗೋರಖ್‌ಪುರ ಸೀಮೆಯಲ್ಲಿ ನೋಡಬಹುದು. ಅಲ್ಲಿ ೧೯೭೮ರಿಂದ ಮಳೆಗಾಲ ಬಂತೆಂದರೆ ಜ್ವರ ಏರಿ, ಅಪಸ್ಮಾರದಂತೆ ಸೆಳೆತ ಬಂದು, ಎಚ್ಚರ ತಪ್ಪಿದ ಮಕ್ಕಳು ಆಸ್ಪತ್ರೆಗಳನ್ನು ತುಂಬುತ್ತಿದ್ದರು. ಸೊಳ್ಳೆಯಿಂದ ಬರುವ ಜಪಾನೀ ಮಿದುಳುಜ್ವರವೆಂದು ಅದಕ್ಕೆ ಹೆಸರಾಯಿತು. ಆರಂಭದಲ್ಲಿ ಅದು ನಿಜವೂ ಆಗಿತ್ತು. ೨೦೦೫ರಲ್ಲಿ ಪಿಡುಗು ಭಯಂಕರವಾಗಲು, ಮರುವರ್ಷ ಮಕ್ಕಳಿಗೆ ಲಸಿಕೆ ಹಾಕುವ ಕಾರ್ಯ ಮೊದಲಾಯಿತು. ಜಪಾನೀ ಜ್ವರ ತಗ್ಗಿತು. ಆದರೆ ಮಕ್ಕಳು ಎಚ್ಚರ ತಪ್ಪಿ ಬರುವುದು ನಿಲ್ಲಲಿಲ್ಲ. ಉಳಿದ ಕಾರಣವೇನೆಂದು ೨೦೧೪ರಿಂದ ಈಚಿನ ವರ್ಷಗಳಲ್ಲಿ ಜಾಗರೂಕತೆಯಿಂದ ಹುಡುಕಿದಾಗ, ಮಳೆಗಾಲದಲ್ಲಿ ಬರುತ್ತಿದ್ದ ಅಂತಹ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಸ್ಕ್ರಬ್ ಟೈಫಸ್ಸಿನ ಕುರುಹು ಕಂಡಿತು. ಜಪಾನೀ ಜ್ವರವನ್ನು ಕೊಲ್ಲುವ ಔಷಧ ಇಂದಿಗೂ ಇಲ್ಲ. ಸ್ಕ್ರಬ್ ಟೈಫಸ್ಸಿಗೆ ಅಗ್ಗವಾದ ಮಾತ್ರೆಯಿದೆ, ಮಿದುಳಿಗೆ ಏರುವ ಮುನ್ನ ಕೊಟ್ಟರೆ ಅದು ಸಾಕು. ಆಮೇಲೆ ಅಲ್ಲಿಯ ಹಳ್ಳಿಗಳ ಆರೋಗ್ಯಕೇಂದ್ರಗಳಲ್ಲಿ ಜ್ವರದ ಮಕ್ಕಳಿಗೆ ಮೊದಲ ದಿನಗಳಲ್ಲಿಯೇ ಆ ಬಗೆಯ ಔಷಧ ಕೊಡುವ ಏರ್ಪಾಡಾಯಿತು.

ಇದುವರೆಗೆ ಹೇಳಿದ್ದು ಎರಡು ರೋಗಗಳು ಆಕಸ್ಮಿಕವಾಗಿ ಕೂಡುವ ವಿಷಯ. ಕೆಲವು ವೇಳೆ ಮೊದಲನೆಯದು ಎರಡನೆಯದನ್ನು ಕೈಹಿಡಿದು ಒಳಕ್ಕೆ ಕರೆತರುತ್ತದೆ. ಆಫ್ರಿಕಾದ ಮಕ್ಕಳಲ್ಲಿ ಮಲೇರಿಯಾ ಮತ್ತು ಟೈಫಾಯ್ಡಿನ ಸೋದರಸಂಬಂಧಿಗಳಾದ ಸಾಲ್ಮೊನೆಲ್ಲಾ ಕ್ರಿಮಿಗಳು ಹೀಗೆ ಜೊತೆಗೂಡುತ್ತವೆ. ಮಲೇರಿಯಾದ ಪರಪಿಂಡಿಗಳು ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಒಡೆದ ಕಣಗಳಿಂದ ಹೊರಬಿದ್ದ ವಸ್ತುಗಳನ್ನು ಸಾಗಿಸುವ ಕೆಲಸದಲ್ಲಿ ಶರೀರದ ಕಾವಲುಗಾರರಾದ ಬಿಳಿ ರಕ್ತಕಣಗಳು ಕ್ರಿಮಿಗಳನ್ನು ಕೊಲ್ಲುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಕರುಳಿನಲ್ಲಿದ್ದ ಸಾಲ್ಮೊನೆಲ್ಲಾ ಆಗ ರಕ್ತಕ್ಕೆ ನುಗ್ಗಿ ವೃದ್ಧಿಯಾಗುತ್ತದೆ. ಇದು ಬರಿಯ ಊಹೆಯಲ್ಲವೆಂಬುದಕ್ಕೆ ಕೀನ್ಯಾದ ಕಿಲಿಫಿ ಎಂಬ ಊರಿನಲ್ಲಿ ಒಂದು ಸೊಗಸಾದ ಪ್ರಮಾಣ ದೊರೆಯಿತು. ಕುಡುಗೋಲಿನಾಕಾರದ ರಕ್ತಕಣವನ್ನುಂಟುಮಾಡುವ ಗುಣವನ್ನು ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಪಡೆದ ಮಕ್ಕಳಿಗೆ ಮಲೇರಿಯಾದಿಂದ ರಕ್ಷಣೆಯುಂಟೆಂಬುದು ಮೊದಲೇ ತಿಳಿದಿದ್ದ ಸಂಗತಿ. ಆ ಮಕ್ಕಳಿಗೆ, ಮಲೇರಿಯಾ ಹೇರಳವಾಗಿದ್ದ ಕಾಲದಲ್ಲಿ, ರಕ್ತಕ್ಕೆ ಕ್ರಿಮಿ ಸೇರುವ ರೋಗವೂ ಇತರರಿಗಿಂತ ಕಡಮೆಯಾಗಿತ್ತು. ಊರಿನಲ್ಲಿ ಮಲೇರಿಯಾ ತಗ್ಗುತ್ತ ಬಂದಂತೆ ಈ ವ್ಯತ್ಯಾಸವೂ ತಗ್ಗಿತು, ಎಲ್ಲ ಮಕ್ಕಳಲ್ಲಿಯೂ ರಕ್ತದ ಸೋಂಕು ಇಳಿಯಿತು. ೨೦೧೧ರಲ್ಲಿ ಪ್ರಕಟವಾದ ಈ ಪರಿಶೋಧನೆಯನ್ನು ಓದಿದವರಿಗೆ, ಸೊಳ್ಳೆಪರದೆಯೊಂದು ಎರಡು ರೋಗಗಳನ್ನು ತಡೆಯಬಲ್ಲುದೆಂಬುದು ಮನದಟ್ಟಾಗುತ್ತದೆ. ಕಠಿಣವಾದ ಮಲೇರಿಯಾದಿಂದ ನರಳುವ ಮಗುವಿಗೆ, ಅದು ಹೆಚ್ಚಾಗಿರುವ ದೇಶಗಳಲ್ಲಿ, ಮಲೇರಿಯಾ ಔಷಧದ ಜೊತೆಗೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಔಷಧವನ್ನೂ ಮೊದಲೇ ಆರಂಭಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ವಿಧಿಸಿರುವುದಕ್ಕೆ ಕಾರಣ ಇದೇ.

ಎರಡನೆಯ ರೋಗವನ್ನು ತಿಳಿಯದಿದ್ದರೆ ಏನಾಯಿತು, ಎರಡಕ್ಕೂ ಒಂದೊಂದು ಔಷಧ ಕೊಟ್ಟರಾಯಿತಲ್ಲ ಎಂದು ತಾವು ಕೇಳಬಹುದು. ಅಷ್ಟು ಸುಲಭವಾಗಿದ್ದರೆ ನಾನು ತಮ್ಮ ಸಮಯವನ್ನು ತೆಗೆದುಕೊಳ್ಳುತ್ತಿರಲಿಲ್ಲ. ಒಂದು ರೋಗಕ್ಕೆ ಅಮೃತವಾದದ್ದು ಇನ್ನೊಂದಕ್ಕೆ ವಿಷವಾಗಬಹುದು. ನೀರಿನ ಮಾತನ್ನೇ ತೆಗೆದುಕೊಳ್ಳಿ. ಡೆಂಗಿಯಲ್ಲಿ ನಾಡಿ ಕುಸಿದ ಮಗುವಿಗೆ ರಕ್ತನಾಳದ ಮೂಲಕ ಉಪ್ಪುನೀರನ್ನು ಅಳತೆಯರಿತು ಏರಿಸುವುದೇ ಪ್ರಾಣದಾನ. ಅದೇ ನೀರನ್ನು ಸ್ಕ್ರಬ್ ಟೈಫಸ್ಸಿನಿಂದ ಶ್ವಾಸಕೋಶ ಒದ್ದೆಯಾದ ಮಗುವಿಗೆ ಧಾರಾಳವಾಗಿ ಹರಿಯಿಸಿದರೆ ಉಸಿರು ಕಟ್ಟುತ್ತದೆ. ಕೀನ್ಯಾ, ಉಗಾಂಡಾ, ಟಾಂಜಾನಿಯಾ ದೇಶಗಳಲ್ಲಿ ೩,೧೪೧ ಮಕ್ಕಳ ಮೇಲೆ ನಡೆದು ೨೦೧೧ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗವು ವೈದ್ಯಲೋಕವನ್ನು ಬೆಚ್ಚಿಬೀಳಿಸಿತು. ಜ್ವರದಿಂದ ಕಂಗೆಟ್ಟು ಕೈಕಾಲು ತಣ್ಣಗಾಗಿದ್ದ ಮಕ್ಕಳಲ್ಲಿ ಒಂದೇ ಸಲಕ್ಕೆ ಹೆಚ್ಚು ನೀರು ಏರಿಸಿದ ಮಕ್ಕಳು, ಹಾಗೆ ಏರಿಸದೆ ಮೆಲ್ಲನೆ ನೋಡಿಕೊಂಡ ಮಕ್ಕಳಿಗಿಂತ ಹೆಚ್ಚಾಗಿ ಸತ್ತರು. ನೂರಕ್ಕೆ ಸುಮಾರು ಮೂರರಷ್ಟು ಹೆಚ್ಚು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮಲೇರಿಯಾ ಇತ್ತು. ಡೆಂಗಿಯೊಂದೇ ಎಂದು ನಂಬಿ ನೀರು ಏರಿಸುತ್ತಲೇ ಇದ್ದರೆ, ಜೊತೆಯಲ್ಲಿರುವ ರೋಗದ ಪಾಲಿಗೆ ನಾವೇ ಸಹಾಯಕರಾಗುತ್ತೇವೆ. ಜ್ವರ ಇಳಿಸಲು ಕೊಡುವ ಮಾತ್ರೆಯೂ ಹಾಗೆಯೇ. ಬೇರೆ ವೇಳೆಯಲ್ಲಿ ನಡೆಯುವ ಐಬುಪ್ರೊಫೆನ್, ಆಸ್ಪಿರಿನ್ ಮೊದಲಾದುವು ಡೆಂಗಿಯಲ್ಲಿ ರಕ್ತಸ್ರಾವಕ್ಕೆ ದಾರಿಮಾಡಿಕೊಡುತ್ತವೆ. ರೋಗ ಯಾವುದೆಂದು ತಿಳಿಯುವವರೆಗೆ ಪ್ಯಾರಾಸಿಟಮಾಲ್ ಒಂದೇ ಮನೆಯಲ್ಲಿರಲಿ.

ಇಲ್ಲಿಗೆ ನನ್ನ ವಾದದ ಒಂದು ಮುಖವಾಯಿತು. ಇನ್ನೊಂದು ಮುಖವನ್ನು ತೋರಿಸದೆ ಹೋದರೆ ಅರ್ಧಸತ್ಯ ಹೇಳಿದಂತಾಗುತ್ತದೆ. ಎರಡು ರೋಗಗಳುಂಟೆಂದು ಕಾಗದ ಹೇಳಿದ ಮಾತ್ರಕ್ಕೆ ಎರಡು ರೋಗಗಳು ಇರುವುದಿಲ್ಲ. ಈ ಕಾಲದಲ್ಲಿ ಪಟ್ಟಣದ ಯಾವ ಪ್ರಯೋಗಶಾಲೆಗೆ ಹೋದರೂ ಜ್ವರದ ಪರೀಕ್ಷೆಗಳ ಒಂದು ಕಟ್ಟನ್ನೇ ಮಾರುತ್ತಾರೆ. ನಾಲ್ಕು ರೋಗಕ್ಕೆ ಒಂದೇ ದರ, ಬಟ್ಟೆಯಂಗಡಿಯಲ್ಲಿ ದೀಪಾವಳಿಯ ರಿಯಾಯಿತಿ ಇದ್ದಂತೆ. ತಂದೆಯು ಆ ಕಾಗದವನ್ನು ಹಿಡಿದು ತಂದು, "ಡಾಕ್ಟರೆ, ಮಗುವಿಗೆ ಡೆಂಗಿಯೂ ಇದೆಯಂತೆ, ಟೈಫಾಯ್ಡೂ ಇದೆಯಂತೆ" ಎಂದು ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ. ಕಾಗದವನ್ನು ನೋಡಿದರೆ, ಟೈಫಾಯ್ಡ್ ಎಂದು ಹೇಳುತ್ತಿರುವುದು ವೀಡಾಲ್ ಪರೀಕ್ಷೆ.

ವೀಡಾಲ್ ಎಂಬ ಫ್ರೆಂಚ್ ವೈದ್ಯರು ಈ ಪರೀಕ್ಷೆಯನ್ನು ೧೮೯೬ರಲ್ಲಿ ಪ್ರಚಾರಕ್ಕೆ ತಂದರು. ತಮ್ಮ ಕಾಲಕ್ಕೆ ಅದು ದೊಡ್ಡ ಸಾಧನೆ. ರೋಗಕ್ರಿಮಿಯನ್ನು ಎದುರಿಸಲು ಶರೀರವು ನಿರ್ಮಿಸುವ ಪ್ರತಿಕಾಯಗಳನ್ನು ಅದು ಅಳೆಯುತ್ತದೆ, ಕ್ರಿಮಿಯನ್ನೇ ಕಾಣುವುದಿಲ್ಲ. ಕಳ್ಳನನ್ನು ಹಿಡಿಯದೆ, ಬೀದಿಯಲ್ಲಿ ಪೋಲೀಸಿನವರು ಓಡಾಡುತ್ತಿರುವುದನ್ನು ನೋಡಿ ಕಳವಾಗಿದೆಯೆಂದು ತೀರ್ಮಾನಿಸಿದ ಹಾಗೆ. ಹೋದ ವರ್ಷದ ಕಳವಿಗೆ ಬಂದ ಪೋಲೀಸಿನವರು ಇನ್ನೂ ಅಲ್ಲಿಯೇ ಇರಬಹುದು. ಬೇರೊಂದು ಗಲಾಟೆಗೆ ಬಂದವರಾಗಿರಬಹುದು. ಮಲೇರಿಯಾದಿಂದಲೂ ಬೇರೆ ಜ್ವರಗಳಿಂದಲೂ ವೀಡಾಲ್ ಪರೀಕ್ಷೆ ಸುಳ್ಳುಹೇಳುವುದುಂಟು. ಹಿಂದೆ ಹಾಕಿಸಿಕೊಂಡ ಲಸಿಕೆಯಿಂದಲೂ ಉಂಟು. ನಿಜವಾದ ಟೈಫಾಯ್ಡಿನಲ್ಲಿ ಮೊದಲ ವಾರ ಅದು ಮೌನವಾಗಿರುವುದೂ ಉಂಟು. ಇಂತಹ ಸಾಕ್ಷಿಯ ಮಾತನ್ನು ನಂಬಿ ತೀರ್ಪು ಬರೆಯಲಾಗದು. ಟೈಫಾಯ್ಡಿಗೆ ಮೇಲಾದ ಸಾಕ್ಷಿಯೆಂದರೆ, ಮಗುವಿನ ರಕ್ತವನ್ನು ಪೋಷಕದ್ರವವಿರುವ ಸೀಸೆಯಲ್ಲಿ ಹಾಕಿ ಕ್ರಿಮಿಯನ್ನೇ ಬೆಳೆಸಿ ನೋಡುವುದು. ಅದೂ ಸರ್ವಜ್ಞವಲ್ಲ, ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಮಾತ್ರ ಬೆಳೆಯುತ್ತದೆ. ಆದರೆ ಬೆಳೆದರೆ ಸಂದೇಹವಿಲ್ಲ, ಯಾವ ಔಷಧಕ್ಕೆ ಬಗ್ಗುತ್ತದೆಂಬುದನ್ನೂ ಅದೇ ಹೇಳುತ್ತದೆ. ಒಂದು ನಿಬಂಧನೆಯುಂಟು: ಔಷಧದ ಮೊದಲ ಗುಳಿಗೆ ಹೊಟ್ಟೆಗೆ ಹೋಗುವ ಮುಂಚೆ ರಕ್ತ ತೆಗೆಯಬೇಕು. ಮೂಲೆಯಂಗಡಿಯಿಂದ ಎರಡು ಗುಳಿಗೆ ತಂದು ನುಂಗಿಸಿ, ಮೂರನೆಯ ದಿನ ಆಸ್ಪತ್ರೆಗೆ ಬಂದವರು ಈ ಸಾಕ್ಷಿಯನ್ನು ತಾವೇ ಕೈಯಾರೆ ಅಳಿಸಿ ಬಂದಿರುತ್ತಾರೆ.

ಡೆಂಗಿಯ ಪ್ರತಿಕಾಯ ಪರೀಕ್ಷೆಗೂ ಇದೇ ಬಗೆಯ ದೌರ್ಬಲ್ಯವುಂಟು. ಜಪಾನೀ ಮಿದುಳುಜ್ವರದ ವೈರಾಣು ಅದರ ದಾಯಾದಿಯಾದ್ದರಿಂದ ಒಂದರ ಪ್ರತಿಕಾಯವು ಇನ್ನೊಂದರ ಪರೀಕ್ಷೆಯಲ್ಲಿ ತಲೆಹಾಕುತ್ತದೆ. ಇದಲ್ಲದೆ ಒಮ್ಮೆ ಹುಟ್ಟಿದ ಪ್ರತಿಕಾಯಗಳು ತಿಂಗಳುಗಟ್ಟಲೆ ರಕ್ತದಲ್ಲಿ ಉಳಿಯುತ್ತವೆ. ಮಲೇರಿಯಾದ ದಿಢೀರ್ ಪರೀಕ್ಷೆಗಳಲ್ಲಿ ಕೆಲವು, ರೋಗ ವಾಸಿಯಾಗಿ ವಾರಗಳಾದಮೇಲೂ ಇದೆಯೆಂದೇ ಹೇಳುತ್ತವೆ. ಇಂಥ ಕಡೆಗಳಲ್ಲಿ, ಗಾಜಿನ ಪಟ್ಟಿಯ ಮೇಲೆ ರಕ್ತವನ್ನು ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವ ಹಳೆಯ ವಿಧಾನವೇ ನನಗೆ ಹೆಚ್ಚು ನಂಬಿಕೆಯದು. ೧೮೮೦ರಲ್ಲಿ ಅಲ್ಜೀರಿಯಾದಲ್ಲಿದ್ದ ಲಾವೆರಾನ್ ಮೊತ್ತಮೊದಲು ಮಲೇರಿಯಾ ಪರಪಿಂಡಿಯನ್ನು ಕಂಡದ್ದೂ ಸೂಕ್ಷ್ಮದರ್ಶಕದಲ್ಲಿಯೇ. ಮೊದಲ ಸಲ ಕಾಣದಿದ್ದರೆ ಮರುದಿನ ನೋಡಬೇಕು, ಅದರ ಮರುದಿನವೂ ನೋಡಬೇಕು. ಪರಪಿಂಡಿ ಕಂಡರೂ ವಿಚಾರ ಮುಗಿಯಲಿಲ್ಲ. ಮಲೇರಿಯಾ ಬೇರೂರಿದ ಸೀಮೆಗಳಲ್ಲಿ ಆಡಿಕೊಂಡಿರುವ ಆರೋಗ್ಯವಂತ ಮಕ್ಕಳ ರಕ್ತದಲ್ಲಿಯೂ ಅದು ಇರುತ್ತದೆ. ಅಂತಹ ಮಗು ನ್ಯುಮೋನಿಯಾದಿಂದ ನರಳುವಾಗ, ಪರಪಿಂಡಿಯು ದಾರಿಹೋಕನಾಗಿ ನಿಂತಿದ್ದು ಅಪವಾದವನ್ನು ತಲೆಗೆ ಕಟ್ಟಿಸಿಕೊಳ್ಳುತ್ತದೆ. ಆದಕಾರಣ ಜ್ವರದ ಮಗುವಿನ ಉಸಿರನ್ನು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸಿಗೆ ೫೦, ಒಂದರಿಂದ ಐದು ವರ್ಷದವರಿಗೆ ೪೦, ಇದಕ್ಕೆ ಮುಟ್ಟಿದರೆ ಅಥವಾ ಮೀರಿದರೆ ಶ್ವಾಸಕೋಶವನ್ನು ವಿಚಾರಿಸದೆ ಬಿಡಕೂಡದು. ಇದಕ್ಕೆ ಯಾವ ಪ್ರಯೋಗಶಾಲೆಯೂ ಬೇಡ, ಅಳದೆ ಮಲಗಿರುವ ಮಗುವೊಂದಿದ್ದರೆ ಸಾಕು. ಅದು ದೊರೆಯುವುದೇ ಕಷ್ಟವೆಂದು ತಾಯಂದಿರು ನಗಬಹುದು.

ಸಂಶಯವಿರುವ ಪ್ರತಿಯೊಂದು ರೋಗಕ್ಕೂ ಔಷಧ ಸುರಿದುಬಿಡೋಣವೆಂಬ ಧಾರಾಳಕ್ಕೆ ನಾವು ಈಗಾಗಲೇ ಬೆಲೆ ತೆತ್ತಿದ್ದೇವೆ. ೧೯೪೮ರಲ್ಲಿ ಟೈಫಾಯ್ಡನ್ನು ಗೆದ್ದ ಕ್ಲೋರಾಮ್‌ಫೆನಿಕಾಲಿಗೆ ಆ ಕ್ರಿಮಿಯು ಕಾಲಕ್ರಮದಲ್ಲಿ ಬಗ್ಗದಾಯಿತು. ಅದರ ತರುವಾಯ ಬಂದ ಸಿಪ್ರೊಫ್ಲಾಕ್ಸಸಿನ್ ಕೂಡ ನಮ್ಮ ದೇಶದಲ್ಲಿ ಬಹುಮಟ್ಟಿಗೆ ಸೋತಿತು. ೨೦೧೬ರಿಂದ ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲಿ ಹರಡಿದ ತಳಿಯೊಂದಕ್ಕೆ ಸೆಫ್ಟ್ರಿಯಾಕ್ಸೋನ್ ಸಹ ನಾಟಲಿಲ್ಲ. ಬಾಯಿಂದ ಕೊಡತಕ್ಕ ಔಷಧಗಳಲ್ಲಿ ಅಜಿತ್ರೊಮೈಸಿನ್ ಒಂದೇ ನಂಬಿಕೆಯದಾಗಿ ಉಳಿಯಿತು. ಡೆಂಗಿಯ ಮಗುವಿಗೆ ಸುಳ್ಳು ವೀಡಾಲಿನ ಮಾತು ಕೇಳಿ ಹತ್ತು ದಿನ ಸೂಜಿಮದ್ದು ಕೊಟ್ಟಾಗಲೆಲ್ಲ ಆ ಉಳಿದ ಔಷಧಗಳ ಆಯಸ್ಸು ಸ್ವಲ್ಪ ಸ್ವಲ್ಪವಾಗಿ ಕರಗುತ್ತದೆ.

ಹಾಗಾದರೆ ಎರಡನೆಯ ರೋಗವನ್ನು ಯಾವಾಗ ಹುಡುಕಬೇಕು, ಯಾವಾಗ ಬಿಡಬೇಕು? ನನಗೆ ತಿಳಿದಮಟ್ಟಿಗೆ ಉತ್ತರವು ಮಗುವಿನ ನಡವಳಿಕೆಯಲ್ಲಿದೆ. ಒಂದೊಂದು ರೋಗವೂ ತನ್ನ ಪಂಚಾಂಗದಂತೆ ನಡೆಯಬೇಕು. ಡೆಂಗಿಯ ಜ್ವರ ಏಳು ದಿನ ಮೀರಿತೆ? ಸರಿಯಾದ ಮಲೇರಿಯಾ ಔಷಧ ಕೊಟ್ಟು ಪರಪಿಂಡಿಗಳು ಮಾಯವಾದಮೇಲೂ ಮೂರನೆಯ ದಿನ ಮೈ ಸುಡುತ್ತಿದೆಯೆ? ಡೆಂಗಿಯೆಂದುಕೊಂಡ ಮಗುವಿನಲ್ಲಿ ಬಿಳಿ ರಕ್ತಕಣಗಳು ತಗ್ಗುವ ಬದಲು ಏರಿವೆಯೆ? ಕಣ್ಣು ಹಳದಿಯಾಗಿ ಮೂತ್ರ ಕಡಮೆಯಾಯಿತೆ? ಇಂಥ ಒಂದು ಹೊಂದಿಕೆಯಾಗದ ಸಂಗತಿ ಕಂಡ ದಿನ, ಮೊದಲ ಕಾಗದವನ್ನು ಪಕ್ಕಕ್ಕಿಟ್ಟು, ಮಗುವನ್ನು ಈಗತಾನೇ ಬಂದ ಹೊಸ ರೋಗಿಯೆಂಬಂತೆ ನಡುನೆತ್ತಿಯಿಂದ ಉಂಗುಷ್ಠದವರೆಗೆ ಮತ್ತೆ ನೋಡಬೇಕು. ಟೈಫಾಯ್ಡಿನ ವಿಷಯದಲ್ಲಿ ಒಂದು ವಿನಾಯಿತಿಯುಂಟು. ತಕ್ಕ ಔಷಧ ಕೊಟ್ಟರೂ ಅದರ ಜ್ವರ ಇಳಿಯಲು ನಾಲ್ಕೈದು ದಿನ, ಕೆಲವು ವೇಳೆ ಒಂದು ವಾರವೇ ಹಿಡಿಯುತ್ತದೆ. ಅಲ್ಲಿ ಅವಸರದಿಂದ ಔಷಧ ಬದಲಾಯಿಸುವುದೇ ತಪ್ಪಾಗುತ್ತದೆ. ನಿದಾನಕ್ಕೆ ನಿಧಾನವೂ ಬೇಕೆಂದು ನಮ್ಮ ಗುರುಗಳೊಬ್ಬರು ಹಾಸ್ಯಮಾಡುತ್ತಿದ್ದರು.

ಈ ಕಾರ್ಯದಲ್ಲಿ ಮನೆಯವರ ಪಾಲು ಸಣ್ಣದಲ್ಲ. ಜ್ವರ ಬಂದ ತಾರೀಖು ಮತ್ತು ವೇಳೆಯನ್ನು ಬರೆದಿಡಿ. "ಮೂರು ನಾಲ್ಕು ದಿನ ಆಗಿರಬಹುದು" ಎಂಬ ಮಾತಿನಿಂದ ವೈದ್ಯನಿಗೆ ಬಹಳ ನಷ್ಟ. ಎನ್‌ಎಸ್-೧ ಪರೀಕ್ಷೆ ಮೊದಲ ನಾಲ್ಕೈದು ದಿನಗಳಲ್ಲಿ ಫಲಕಾರಿ, ಪ್ರತಿಕಾಯದ ಪರೀಕ್ಷೆ ಅದರ ತರುವಾಯ ಫಲಕಾರಿ, ದಿನ ತಪ್ಪಿದರೆ ಪರೀಕ್ಷೆಯೂ ತಪ್ಪುತ್ತದೆ. ಹಿಂದಿನ ಮೂರು ವಾರಗಳಲ್ಲಿ ಮಗು ಎಲ್ಲಿಗೆ ಹೋಗಿತ್ತು, ಯಾವ ನೀರಿನಲ್ಲಿ ಆಡಿತು, ಎಂಬುದನ್ನು ಕೇಳದಿದ್ದರೂ ಹೇಳಿ. ಶಿವಮೊಗ್ಗದ ಕಡೆಯ ಕಾಡಿನಂಚಿನಿಂದ ಬಂದ ಮಗುವಿಗೆ ಬೇಸಗೆಯಲ್ಲಿ ಜ್ವರ ಬಂದರೆ, ೧೯೫೭ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯನ್ನು ನೆನೆಯಬೇಕಾಗುತ್ತದೆ. ಕರಾವಳಿಯಿಂದ ಬಂದದ್ದಾದರೆ ಮಲೇರಿಯಾವನ್ನು. ನಮ್ಮ ಹುಡುಗನ ತಂದೆಯವರು ಅಡಿಕೆ ತೋಟದ ಮಾತನ್ನೇ ಎತ್ತಿರಲಿಲ್ಲ. ಜ್ವರ ಬಂದದ್ದು ಪಟ್ಟಣದಲ್ಲಿ, ತೋಟವನ್ನು ಹೇಳುವುದೇಕೆ ಎಂದುಕೊಂಡಿದ್ದರಂತೆ. ನಾನೂ ಕೇಳಿರಲಿಲ್ಲ.

ಎಂಟು ವರ್ಷದ ಒಳಗಿನ ಮಕ್ಕಳಿಗೆ ಡಾಕ್ಸಿಸೈಕ್ಲಿನ್ ಕೊಟ್ಟರೆ ಹಲ್ಲು ಕಪ್ಪಾಗುವುದೆಂಬ ಭಯ ನಮ್ಮಲ್ಲಿ ಬಹುಕಾಲವಿತ್ತು. ಅದಕ್ಕಾಗಿ ವೈದ್ಯರೂ ಹಿಂಜರಿಯುತ್ತಿದ್ದರು. ಆ ಭಯ ಅದರ ಹಿಂದಿನ ತಲೆಮಾರಿನ ಔಷಧಕ್ಕೆ ಸಲ್ಲತಕ್ಕದ್ದು. ಕೆಲವೇ ದಿನ ಕೊಡುವ ಡಾಕ್ಸಿಸೈಕ್ಲಿನ್‌ನಿಂದ ಹಾಗಾಗುವುದಿಲ್ಲವೆಂದು ಈಗ ಒಪ್ಪಿದೆ. ಇದನ್ನು ಕೇಳಿ ಮೂಲೆಯಂಗಡಿಗೆ ಓಡಬೇಡಿರೆಂದು ಮಾತ್ರ ಬೇಡಿಕೊಳ್ಳುತ್ತೇನೆ.

ಆ ಹುಡುಗ ಈಗ ದೊಡ್ಡವನಾಗಿದ್ದಾನೆ. ಹೋದ ವರ್ಷ ತಂಗಿಗೆ ಜ್ವರವೆಂದು ಅವರ ಮನೆಗೆ ಹೋಗಿದ್ದಾಗ, ಅಜ್ಜಿಯವರು ನಾನು ಸ್ಟೆತಾಸ್ಕೋಪು ತೆಗೆಯುವುದಕ್ಕೆ ಮುಂಚೆಯೇ ಮಗುವಿನ ಅಂಗಿ ಬಿಚ್ಚಿ, ಕಂಕುಳು, ಕಿವಿಯ ಹಿಂದು, ತೊಡೆಸಂದಿ ಎಲ್ಲವನ್ನೂ ತೋರಿಸಿ, "ಎಲ್ಲ ನೋಡಿ ಆಯ್ತು ಡಾಕ್ಟ್ರೇ, ಎಂಥದೂ ಇಲ್ಲ. ಈಗ ನೀವು ನೋಡಿ" ಎಂದರು. ಅದು ಬರಿಯ ನೆಗಡಿಯ ಜ್ವರವಾಗಿತ್ತು.